ನಮ್ಮ ಭಾವನ ವಿಶೇಷಣಗಳು

ನಮ್ಮ ಭಾವನ ಎದುರಿಗೆ ಕೂತು ನೀವು ಏನು ಬೇಕಾದರೂ ಮಾತಾಡಿ. ರಾಜಕೀಯ ಮಾತಾಡಿ, ಬಾರದ ಮಳೆಯ ಬಗ್ಗೆ ಮಾತಾಡಿ, ಬೇಕಾದರೆ ಅವರ ಹೆಂಡತಿಯನ್ನು, ಅಂದರೆ ನಮ್ಮಕ್ಕನನ್ನು, ನಾಲ್ಕು ಮಾತು ಬೈಯಿರಿ, ತಲೆದೂಗುತ್ತಾ ಕೇಳುತ್ತಾರೆ. ಆದರೆ ದಯವಿಟ್ಟು ಒಂದೇ ಒಂದು ವಿಶೇಷಣ ಹಾಕಿ ಎರಡು ಸಾಮಾನುಗಳ ಹೆಸರು ಹೇಳಬೇಡಿ! ಹೇಳಿದಿರೋ, ಅವತ್ತಿನ ಮಟ್ಟಿಗೆ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

ಅವರ ಪಕ್ಕದ ಮನೆಯವರು ಒಮ್ಮೆ ಪಾಪ ಸುಮ್ಮನೆ ಬಾಯಿಬಿಟ್ಟರು. "ಹಳೇ ಮೇಜು, ಕುರ್ಚಿ ಕೊಟ್ಬಿಡೋಣ ಅಂತಿದ್ದೀವಿ ಸಾರ್. ಯಾರಾದ್ರೂ ಇದ್ರೆ ಹೇಳಿ."

"ಹಳೇದು ಮೇಜು ಮಾತ್ರಾನೋ, ಕುರ್ಚೀನೂ ಹಳೇದೋ?" ಎಂದರು ಭಾವ.

"ಎರಡೂ ಹಳೇವೇ ಸಾರ್."

"ಹಾಗಾದ್ರೆ ಹಾಗೇ ಹೇಳ್ಬೇಕು. ನೀವು ಹೇಳಿದ್ದು ಕೇಳಿದ್ರೆ ಕುರ್ಚಿ ಹೊಸದೇನೋ ಅಂತ ತಗೊಳ್ಳೋನಿಗೆ ಆಸೆ ಹುಟ್ಟತ್ತೆ. ಬಂದು ನೋಡಿದ್ರೆ ಬೇಜಾರಾಗತ್ತೆ. ಆ ಬೇಜಾರಿಗೆ ಯಾರು ಹೊಣೆ?"

ಪಕ್ಕದ ಮನೆಯವರು ಆ ಮೇಜನ್ನೂ ಕುರ್ಚಿಯನ್ನೂ ಯಾರಿಗೂ ಕೊಡದೆ ಹಾಗೇ ಇಟ್ಟುಕೊಂಡರು.

ಇನ್ನೊಂದು ಸಲ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ನಾನು ಅವರ ಜೊತೆ ತಿಂಡಿಗೆ ಹೋಗುವ ಸಾಹಸ ಮಾಡಿದೆ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಬಿಸಿ ಇಡ್ಲಿ, ವಡೆ, ಉಪ್ಪಿಟ್ಟು" ಎಂದು ಬರೆದಿತ್ತು. ಹಸಿದ ಮನುಷ್ಯ ಅದನ್ನು ಓದಿದರೆ ಏನು ಮಾಡುತ್ತಾನೆ? ಒಳಗೆ ಹೋಗಿ ಕೂರುತ್ತಾನೆ. ಭಾವ ಹೊರಗೇ ನಿಂತು ಸಪ್ಲೈಯರನ್ನು ಕರೆದರು.

"ಏನಪ್ಪಾ, ಈ ಬಿಸಿ ಅನ್ನೋದು ಇಡ್ಲಿಗೆ ಮಾತ್ರ ಸೇರಿದ್ದೋ, ಮೂರಕ್ಕೂ ಸೇರಿದ್ದೋ?"

ಸಪ್ಲೈಯರ್ ಹಲಗೆಯನ್ನು ನೋಡಿದ, ಭಾವನನ್ನು ನೋಡಿದ, ಕೊನೆಗೆ ಯಾರಾದರೂ ಕಾಪಾಡಿ ಎನ್ನುವಂತೆ ನನ್ನನ್ನು ನೋಡಿದ. ನಾನು ಆಸಕ್ತಿಯಿಂದ ಬಸ್ಸುಗಳನ್ನು ನೋಡುತ್ತಿದ್ದೆ.

"ನಿಜ ಹೇಳ್ಬೇಕು ಅಂದ್ರೆ ಸಾರ್, ಇಡ್ಲಿ ಬಿಸಿ. ವಡೆ ಬೆಳಿಗ್ಗೆ ಕರಿದಿದ್ದು. ಉಪ್ಪಿಟ್ಟಿನ ವಿಷ್ಯ ಮಾತ್ರ ಕೇಳ್ಬೇಡಿ."

ಭಾವ ಸಂತೋಷ ತಡೆಯಲಾರದೆ ನನ್ನ ಬೆನ್ನಿಗೆ ಗುದ್ದಿದರು. "ನೋಡಿದ್ಯೇನಯ್ಯಾ! ಫಾರ್ ಥರಾನೇ! ಕಾಮಾ ದಾಟ್ಲೇ ಇಲ್ಲ!"

ಸಪ್ಲೈಯರ್ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮೋರಾ ಸಾರ್?" ಎಂದು ಕೇಳಿದ. "ಬಸ್ಸಲ್ಲಿ ಪರಿಚಯ ಆದ್ರು" ಎಂದೆ.

ಫಾರ್ ಅಂದರೇನು, ಅದು ಕಾಮಾ ಯಾಕೆ ದಾಟಬೇಕು, ದಾಟದಿದ್ದರೆ ಒಬ್ಬ ಗಣಿತದ ಮೇಷ್ಟ್ರಿಗೆ ಅಷ್ಟೊಂದು ಸಂತೋಷ ಯಾಕೆ? ಹೇಳುತ್ತೇನೆ. ನಮ್ಮಕ್ಕನ ಪ್ರಕಾರ ಮದುವೆಯಾದಾಗ ಭಾವ ಸರಿಯಾಗಿಯೇ ಇದ್ದರು, ಹಾಳಾಗಿದ್ದು ನನ್ನಿಂದ. ನನ್ನ ಪ್ರಕಾರ ಅವರು ಹುಟ್ಟುವಾಗಲೇ ಹೀಗಿದ್ದರು, ನನ್ನ ಹತ್ತಿರ ಬಂದಾಗ ಅದಕ್ಕೊಂದು ಹೆಸರು ಸಿಕ್ಕಿತು, ಅಷ್ಟೆ.

ಆಗ ತೊಂಬತ್ತರ ದಶಕ ಶುರುವಾಗಿತ್ತು. ಬೆಂಗಳೂರಿನಲ್ಲಿ ಯಾವುದೋ ಮಹಡಿಯ ಮೇಲೆ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದು, ಇನ್ನು ನಮ್ಮ ಊರಿನ ಕಡೆಯವರನ್ನು ಉದ್ಧಾರ ಮಾಡುವುದೊಂದೇ ಬಾಕಿ ಎಂದುಕೊಂಡು ಶಿಡ್ಲಘಟ್ಟದಲ್ಲಿ ನಾನೊಂದು ಕಂಪ್ಯೂಟರ್ ಸೆಂಟರ್ ತೆರೆದಿದ್ದೆ. ನಾನು ಮಹಡಿಯ ಮೇಲೆ. ಕೆಳಗೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು. ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಅದು ಗೂಡಿನ ವಾಸನೆಗೇ ಹೊರತು ನನ್ನ ಪಾಠಕ್ಕಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಸೆಂಟರಿನಲ್ಲಿ ಎರಡು ಕಂಪ್ಯೂಟರುಗಳಿದ್ದವು. ಒಂದು ಕೆಲಸ ಮಾಡುತ್ತಿತ್ತು. ಇನ್ನೊಂದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಆಯುಧಪೂಜೆಗೆಂದು ಇಟ್ಟಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ನಿಯಮವಿತ್ತು. ನನ್ನ ಸೆಂಟರಿನಲ್ಲಿ ಶಿಸ್ತು ಅಂತ ಇದ್ದದ್ದು ಅದೊಂದೇ.

ಪಾಠದ ವಿಷಯಕ್ಕೆ ಬಂದರೆ, ನಾನು ಸಿ ಭಾಷೆಯಲ್ಲಿ ವಿದ್ಯಾರ್ಥಿಗಳಿಗಿಂತ ಸದಾ ಒಂದು ಅಧ್ಯಾಯ ಮುಂದಿರುತ್ತಿದ್ದೆ. ಚುರುಕಾದವರು ಸೇರಿದ ವರ್ಷ ಅರ್ಧ ಅಧ್ಯಾಯ.

ಭಾವ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂದು ಬೇಸಿಗೆ ರಜೆಯಲ್ಲಿ "ಏನೋ ಕಂಪ್ಯೂಟ್ರು ಅಂತೀಯಲ್ಲ, ನಂಗೂ ಸ್ವಲ್ಪ ತೋರ್ಸಯ್ಯ" ಎಂದು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಅಕ್ಕನ ಗಂಡ ಮುಂದಿನ ಬೆಂಚಿನಲ್ಲಿ ಕೂತಿರುವಾಗ ಪಾಠ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಬೈಯುವಂತಿಲ್ಲ, ಹೊರಗೆ ಕಳಿಸುವಂತಿಲ್ಲ, ತಪ್ಪು ಹೇಳಿದರೆ ದೀಪಾವಳಿಗೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ!

ಸಿ ಭಾಷೆ ಗೊತ್ತಿಲ್ಲದವರಿಗೆ ಎರಡು ಮಾತು. ಅದರಲ್ಲಿ ಯಾವ ಹೆಸರನ್ನು ಬಳಸಬೇಕಾದರೂ ಮೊದಲು ಪರಿಚಯ ಮಾಡಿಕೊಡಬೇಕು. ಇವನು ಸಂಖ್ಯೆ, ಇವನು ಅಕ್ಷರ, ಇವನು ಸ್ವಂತಕ್ಕೆ ಏನೂ ಇಲ್ಲದೆ ಬೇರೆಯವರ ಮನೆ ತೋರಿಸುವವನು ಎಂದು. ಈ ಮನೆ ತೋರಿಸುವವನಿಗೆ ಪಾಯಿಂಟರ್ ಅನ್ನುತ್ತಾರೆ, ಅವನ ಗುರುತು ಒಂದು ನಕ್ಷತ್ರ. ಪರಿಚಯದ ಸಾಲನ್ನು ಕಂಪೈಲರ್ ಎಂಬ ಪ್ರೋಗ್ರಾಮು ಓದಿ ಅರ್ಥ ಮಾಡಿಕೊಳ್ಳುತ್ತದೆ. ಸಾಲು ಸರಳವಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಕೆಲವು ಸಾಲುಗಳಲ್ಲಿ ಆವರಣದೊಳಗೆ ಆವರಣ, ಅದರೊಳಗೆ ನಕ್ಷತ್ರ, ಎಲ್ಲಕ್ಕಿಂತ ಒಳಗೆ ಹೆಸರು. ಆಗ ಆ ಹೆಸರಿನಿಂದ ಶುರುಮಾಡಿ, ಬಲಗಡೆ ಏನಿದೆ ನೋಡಿ, ಎಡಗಡೆ ಏನಿದೆ ನೋಡಿ, ಒಂದೊಂದೇ ಆವರಣ ದಾಟಿ ಹೊರಗೆ ಬರಬೇಕು. ಇದರ ಮಧ್ಯೆ ವಿಶೇಷಣಗಳು ಬೇರೆ! ಕಾನ್‌ಸ್ಟ್ ಅಂದರೆ ಬದಲಾಗದವನು, ಫಾರ್ ಅಂದರೆ ದೂರದವನು. ಆ ವಿಶೇಷಣ ಆವರಣದ ಒಳಗಿದ್ದರೆ ಒಬ್ಬನಿಗೆ ಸೇರಿತು, ಹೊರಗಿದ್ದರೆ ಇನ್ನೊಬ್ಬನಿಗೆ ಸೇರಿತು.

ಈ ಅಧ್ಯಾಯವನ್ನು ನಾನು ಯಾವಾಗಲೂ "ಇದು ಪರೀಕ್ಷೆಗೆ ಬರಲ್ಲ" ಎಂದು ದಾಟಿಸಿಬಿಡುತ್ತಿದ್ದೆ. ಪ್ರಶ್ನೆಪತ್ರಿಕೆ ತೆಗೆಯುವವನು ನಾನೇ ಆದ್ದರಿಂದ ಆ ಮಾತು ಪ್ರತಿಸಲವೂ ನಿಜವಾಗುತ್ತಿತ್ತು.

ಭಾವ ಕೈ ಎತ್ತಿದರು. "ಈ ಸಾಲಲ್ಲಿ ಫಾರ್ ಅಂತಿದ್ಯಲ್ಲ, ದೂರ ಇರೋದು ಯಾರು? ಮನೆ ತೋರ್ಸೋನೋ, ಅವನು ತೋರ್ಸೋ ಮನೆಯೋ?"

"ಅದು ಹಾಗೇ ಬರಿಯೋದು ಭಾವ."

"ಹಾಗೇ ಅಂದ್ರೆ?"

"ಅಂದ್ರೆ... ಎಲ್ರೂ ಹಾಗೇ ಬರೀತಾರೆ."

"ಎಲ್ರೂ ಬರೀತಾರೆ ಸರಿ. ಓದೋನು ಹೇಗೆ ಓದ್ತಾನೆ?"

ಹಿಂದಿನ ಬೆಂಚಿನವರು ಮೊದಲ ಬಾರಿಗೆ ನನ್ನ ಪಾಠವನ್ನು ಕಣ್ಣರಳಿಸಿಕೊಂಡು ಕೇಳುತ್ತಿದ್ದರು. ನಾನು ಗಂಭೀರವಾಗಿ ಗಡಿಯಾರ ನೋಡಿ, "ಒಳ್ಳೇ ಪ್ರಶ್ನೆ. ನಾಳೆ ನೋಡೋಣ" ಎಂದೆ. ಗಡಿಯಾರ ಕೆಟ್ಟು ನಿಂತಿತ್ತು.

ನಾಳೆ ಬರುವಷ್ಟರಲ್ಲಿ ಭಾವ ನನ್ನ ಪುಸ್ತಕವನ್ನು ಮನೆಗೆ ಒಯ್ದು ಓದಿ ಮುಗಿಸಿದ್ದರು. ಆಮೇಲೆ ಹಲಗೆಯ ಮುಂದೆ ಅವರು, ಬೆಂಚಿನಲ್ಲಿ ನಾನು! ಹೆಸರಿನ ಸುತ್ತ ಸುತ್ತುತ್ತಾ ಹೊರಗೆ ಬರುವ ಗೆರೆಗಳನ್ನು ಅವರು ಬಣ್ಣದ ಸೀಮೆಸುಣ್ಣದಲ್ಲಿ ಎಳೆದರೆ, ಸಂಕ್ರಾಂತಿಯ ರಂಗೋಲಿ ಅದರ ಮುಂದೆ ಸಪ್ಪೆ. ಕೆಳಗಿನಿಂದ ನೂಲು ತೆಗೆಯುವ ಹೆಂಗಸರು ಬಂದು ನೋಡಿ "ಸಂದಾಗೈತೆ ಮೇಷ್ಟ್ರೆ" ಎಂದು ಹೇಳಿ ಹೋಗುತ್ತಿದ್ದರು. ನನ್ನ ಹಲಗೆಯನ್ನು ಅವರು ಯಾವತ್ತೂ ನೋಡಲು ಬಂದವರಲ್ಲ.

ಒಂದು ಮಧ್ಯಾಹ್ನ ಭಾವ ಹಲಗೆಗೆ ಬೆನ್ನು ಮಾಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮುಖ ಕೆಂಪಾಗಿತ್ತು.

"ಇದು ಅನ್ಯಾಯ ಕಣಯ್ಯ. ಒಂದು ಸಾಲಲ್ಲಿ ಇಬ್ರು ಮನೆ ತೋರ್ಸೋರು ಇದ್ದಾರೆ, ಮಧ್ಯೆ ಕಾಮಾ ಇದೆ. ಅವರಿಗಿಂತ ಮುಂಚೆ ಕಾನ್‌ಸ್ಟ್ ಬಂದ್ರೆ ಇಬ್ರಿಗೂ ಅನ್ವಯ. ಅದೇ ಜಾಗದಲ್ಲಿ ಫಾರ್ ಬಂದ್ರೆ ಪಕ್ಕದವನಿಗೆ ಮಾತ್ರ, ಕಾಮಾ ಆಚೆಯವನಿಗಿಲ್ಲ! ಇಬ್ರೂ ನಿಂತಿರೋದು ಒಂದೇ ಜಾಗ ತಾನೆ? ನೋಡಿದ ತಕ್ಷಣ ಇವನು ಕಾನ್‌ಸ್ಟ್ ಜಾತಿಯೋನು, ಇವನು ಫಾರ್ ಜಾತಿಯೋನು ಅಂತ ಓದೋನಿಗೆ ಹೇಗೆ ಗೊತ್ತಾಗ್ಬೇಕು?"

"ಅವರವರ ಸ್ವಭಾವ ಭಾವ" ಎಂದೆ. ಏನಾದರೊಂದು ಹೇಳಬೇಕಿತ್ತಲ್ಲ!

ಅವತ್ತಿನಿಂದ ಭಾವನ ಕಣ್ಣಿಗೆ ಲೋಕದ ವಿಶೇಷಣಗಳೆಲ್ಲ ಎರಡೇ ಜಾತಿಯಾದವು. ಇಡ್ಲಿಯ ಮುಂದಿನ ಬಿಸಿ, ಫಾರ್ ಜಾತಿ. ಮೇಜಿನ ಮುಂದಿನ ಹಳೇ, ಕಾನ್‌ಸ್ಟ್ ಜಾತಿ.

ರಜೆ ಮುಗಿದ ಮೇಲೂ ಅವರು ಭಾನುವಾರ ಭಾನುವಾರ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮಂಚೇನಹಳ್ಳಿ ಮೇಲಿನ ಬಸ್ಸಿನಲ್ಲಿ ಬರತೊಡಗಿದರು. ಸಿ ಭಾಷೆಯ ಪರಿಚಯದ ಸಾಲನ್ನು ಓದಿ, ಯಾವ ವಿಶೇಷಣ ಯಾರದು ಎಂದು ಕನ್ನಡದಲ್ಲಿ ಹೇಳುವ ಪ್ರೋಗ್ರಾಮೊಂದನ್ನು ತಾವೇ ಬರೆಯುತ್ತೇನೆಂದು ಹಟ ಹಿಡಿದರು. ಬರೆದರು ಕೂಡ. "ಪ ಎಂಬುವನು ದೂರದ ಮನೆ ತೋರಿಸುವವನು" ಎಂದು ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿದಾಗ ಭಾವ ಎದ್ದು ನಿಂತು ಕೈಮುಗಿದರು. ಆದರೆ ಆವರಣದೊಳಗೆ ಆವರಣ ಬಂದ ಕೂಡಲೇ ಪ್ರೋಗ್ರಾಮು ಒಳಗೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು. ಕಂಪ್ಯೂಟರು ಕಲ್ಲಾಗುತ್ತಿತ್ತು. ಇದ್ದದ್ದೇ ಒಂದು ಕಂಪ್ಯೂಟರು! ಫೀಸು ಕಟ್ಟಿದ ವಿದ್ಯಾರ್ಥಿಗಳು ಗೋಡೆಗೆ ಒರಗಿ ಕೂತು ರೇಡಿಯೋ ಕೇಳುತ್ತಿದ್ದರು.

ಹೀಗಿರುವಾಗ ಒಂದು ದಿನ ಸಾದಲಿಯ ಕಡೆಯ ಗೂಡಿನ ವ್ಯಾಪಾರಿಯೊಬ್ಬರು ಮಗ ಏನು ಕಲಿಯುತ್ತಿದ್ದಾನೆಂದು ನೋಡಿಹೋಗಲು ಬಂದರು. ಆ ಹೊತ್ತಿಗೆ ಸರಿಯಾಗಿ ಭಾವ ಕಂಪ್ಯೂಟರಿನ ಮುಂದೆ ಕೂತು ಬೈಯುತ್ತಿದ್ದರು: "ಒಳಗೆ ಹೋದೋನು ಹೊರಗೆ ಬರ್ಬೇಕೋ ಬೇಡ್ವೋ!"

ವ್ಯಾಪಾರಿ ಗಾಬರಿಯಿಂದ ಸುತ್ತ ನೋಡಿ, "ಯಾರ್ ಸಾರ್ ಒಳಗೋಗಿರೋದು?" ಎಂದರು.

"ಯಾರೂ ಇಲ್ಲ, ಪ್ರೋಗ್ರಾಮು" ಎಂದೆ.

"ಈಚೆ ಬತ್ತದಾ?"

"ಕರೆಂಟು ಹೋದ್ರೆ ಬರತ್ತೆ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮಾರನೆಯ ವಾರ ಆ ಹುಡುಗ ಬಸ್ ಸ್ಟ್ಯಾಂಡಿನ ಹತ್ತಿರದ ಟೈಪ್‌ರೈಟಿಂಗ್ ಕ್ಲಾಸಿಗೆ ಸೇರಿದ.

ಮನೆಯಲ್ಲಿ ಅಕ್ಕನ ಗೋಳು ಬೇರೆಯೇ. ಒಂದು ಬೆಳಿಗ್ಗೆ ಅವಳು ಅಡಿಗೆಮನೆಯಿಂದ ಕೂಗಿ ಹೇಳಿದಳು: "ರೀ, ಎಳೇ ಬೆಂಡೆಕಾಯಿ, ತೆಂಗಿನಕಾಯಿ ತಗೊಂಬನ್ನಿ." ಭಾವ ಚೀಲ ಹಿಡಿದು ಹೋದರು, ಬಂದರು. ಚೀಲದಲ್ಲಿ ಎಳೇ ಬೆಂಡೆಕಾಯಿ ಇತ್ತು. ಜೊತೆಗೆ ಎರಡು ಎಳನೀರು!

"ಇದೇನ್ರೀ ಇದು? ಚಟ್ನಿಗೆ ಅರಿಯೋದು ಏನನ್ನ?"

"ಎಳೇ ಅಂತ ಮೊದಲಲ್ಲಿ ನಿಲ್ಸಿದ್ದು ನೀನು. ಮೊದಲಲ್ಲಿ ನಿಂತಿದ್ದು ಇಬ್ರಿಗೂ ಸೇರತ್ತೆ."

"ಕಾಮಾ ಇತ್ತಲ್ರೀ!" ಎಂದಳು ಅಕ್ಕ. ಅಷ್ಟು ಹೊತ್ತಿಗೆ ಪಾಪ ಅವಳೂ ಕಲಿತಿದ್ದಳು.

"ಎಳೇ ಅನ್ನೋದು ಕಾನ್‌ಸ್ಟ್ ಜಾತಿ ಕಣೇ. ಅದು ಕಾಮಾ ದಾಟತ್ತೆ."

ಜಗಲಿಯಲ್ಲಿ ಕೂತಿದ್ದ ಭಾವನ ತಾಯಿ ಮಾತ್ರ ಸಂತೋಷಪಟ್ಟರು. ನಾವೆಲ್ಲ ಅವರನ್ನು ಅಜ್ಜಿ ಎನ್ನುವುದು. ಗಡಿಯಾಚೆಯ ತೆಲುಗು ಹಳ್ಳಿಯಿಂದ ಸೊಸೆಯಾಗಿ ಬಂದವರು. ಕನ್ನಡದ ನಡುನಡುವೆ ತೆಲುಗು ಬಂದೇ ಬರುತ್ತಿತ್ತು. "ಬಿಡಮ್ಮಾ, ಏನೋ ತಂದವ್ನೆ. ಸಲ್ಲಗೈತೆ, ತಂಪಾಗೈತೆ" ಎಂದು ಎರಡೂ ಎಳನೀರನ್ನು ಅವರೇ ಕುಡಿದರು. ಅವತ್ತಿನಿಂದ ಅಕ್ಕ ಒಂದು ಸಲಕ್ಕೆ ಒಂದೇ ತರಕಾರಿ ಹೇಳತೊಡಗಿದಳು. ಭಾವ ಒಂದು ಹುಳಿಗಾಗಿ ಬೆಳಗ್ಗೆಲ್ಲ ಮಾರುಕಟ್ಟೆಗೂ ಮನೆಗೂ ಓಡಾಡುತ್ತಿದ್ದರು. ವ್ಯಾಯಾಮವಾಯಿತೆಂದು ಅವರಿಗೂ ಸಂತೋಷ, ವಾದವಿಲ್ಲವೆಂದು ಅವಳಿಗೂ ಸಂತೋಷ.

ಕೆಲವು ವರ್ಷ ಕಳೆದು ಅಕ್ಕನ ಮಗಳಿಗೆ ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ಮಾತುಕತೆಯ ದಿನ ಅಕ್ಕ ನನ್ನನ್ನು ಒಳಗೆ ಕರೆದು, "ನಿನ್ ಕಾಲಿಗೆ ಬೀಳ್ತೀನಿ ಕಣೋ, ಅವರ ಪಕ್ಕದಲ್ಲೇ ಕೂತ್ಕೋ. ಬಾಯಿ ತೆಗೆದ್ರೆ ತೊಡೆ ಚಿವುಟು" ಎಂದಳು. ಕೂತೆ. ಉಪ್ಪಿಟ್ಟು, ಕೇಸರಿಭಾತು ಆದವು. ಹುಡುಗನ ತಂದೆ ಕಾಫಿ ಲೋಟ ಕೆಳಗಿಟ್ಟು, "ನಮ್ಮ ಹುಡುಗಂಗೆ ದೇವ್ರ ದಯದಿಂದ ಒಳ್ಳೇ ಕೆಲಸ, ಮನೆ ಎಲ್ಲಾ ಐತೆ" ಎಂದರು.

ನಾನು ಚಿವುಟಿದೆ. ಆದರೆ ಭಾವನ ಬಾಯಿ ನನ್ನ ಬೆರಳಿಗಿಂತ ಚುರುಕು.

"ಒಳ್ಳೇದು ಅಂದಿದ್ದು ಕೆಲಸಕ್ಕೋ, ಮನೆಗೂ ಸೇರ್ಸಿಯೋ?"

ಬಾಗಿಲ ಹಿಂದೆ ಅಕ್ಕನ ಕೈಬಳೆ ಸದ್ದು ನಿಂತಿತು. ಮುಗಿಯಿತು ಈ ಸಂಬಂಧ ಎಂದುಕೊಂಡು ನಾನು ಉಳಿದ ಕೇಸರಿಭಾತಿನ ಲೆಕ್ಕ ಹಾಕತೊಡಗಿದೆ. ಹುಡುಗನ ತಂದೆ ಮಗನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಗತೊಡಗಿದರು.

"ಕೆಲಸ ಒಳ್ಳೇದೇ ಮೇಷ್ಟ್ರೇ. ಮನೆ ಮಾತ್ರ ಹಿಂದ್ಗಡೆ ರೂಮು ಸೋರ್ತದೆ. ಮದುವೆಗೆ ಮುಂಚೆ ಹೆಂಚು ಬದಲಾಯಿಸ್ತೀವಿ."

ಭಾವ ಅವರ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥೋರ ಮನೆಗೆ ಮಗಳನ್ನ ಕೊಡೋಕೆ ನಂಗೆ ಯೋಚ್ನೇನೇ ಇಲ್ಲ" ಎಂದರು. ಸಂಬಂಧ ಅಲ್ಲೇ ಗಟ್ಟಿಯಾಯಿತು! ನಾನು ಚಿವುಟಿದ ಜಾಗ ಮಾತ್ರ ಹಸಿರುಗಟ್ಟಿತೆಂದು ಭಾವ ಒಂದು ವಾರ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು.

ತೊಡಕಾಗಿದ್ದು ಲಗ್ನಪತ್ರಿಕೆ ಬರೆಯುವಾಗ. ಹುಡುಗನ ಸೋದರಮಾವ ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು. ಎಲ್ಲವೂ ಕ್ರಮಪ್ರಕಾರ ಇರಬೇಕು. ಎರಡೂ ಕಡೆಯ ತಾತಂದಿರ ಹೆಸರು ಪತ್ರಿಕೆಯಲ್ಲಿ ಹಾಕುವುದು ತಮ್ಮ ಪದ್ಧತಿ ಎಂದರು. ಹುಡುಗಿಯ ತಾಯಿಯ ತಂದೆ, ಅಂದರೆ ನಮ್ಮಪ್ಪ ನಾರಾಯಣಪ್ಪನವರು, ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಸರಿಗೆ ಮುಂಚೆ ದಿವಂಗತ ಎಂದು ಬರೆದುಕೊಂಡರು.

"ತಂದೆಯ ತಂದೆ ಹೆಸರು?"

"ಮುನಿಶಾಮಪ್ಪ" ಎಂದರು ಭಾವ.

"ಶ್ರೀನೋ, ದಿವಂಗತನೋ?"

ಭಾವ ಬೆರಳಿನಲ್ಲಿ ನೆಲದ ಮೇಲೆ ಏನೋ ಬರೆಯತೊಡಗಿದರು.

"ಇದ್ರೆ ಶ್ರೀ, ಇಲ್ದಿದ್ರೆ ದಿವಂಗತ. ಎರಡೇ ತಾನೇ ಇರೋದು ಮೇಷ್ಟ್ರೇ?"

ವಿಶೇಷಣದ ಪ್ರಶ್ನೆ ಕೇಳಿದಾಗ ನಮ್ಮ ಭಾವ ಉತ್ತರ ಕೊಡದೆ ಕೂತದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅವತ್ತು. ಮೇಷ್ಟ್ರು ಯೋಚಿಸುತ್ತಿದ್ದಾರೆ, ನಿಧಾನವಾಗಿ ತಿಳಿಸಲಿ ಎಂದು ಹೇಳಿ ಅವರು ಎದ್ದುಹೋದರು.

ಸಂಗತಿ ಏನೆಂದರೆ, ಭಾವ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅವರ ತಂದೆ ಹಿಂದೂಪುರದ ದನದ ಸಂತೆಯಿಂದ ಜೋಡಿ ಎತ್ತು ತರುತ್ತೇನೆಂದು ಹೊರಟರು. ಬರಲಿಲ್ಲ. ಊರಿನವರು ಹಿಂದೂಪುರ, ಪೆನುಕೊಂಡೆ, ಅನ್ನಿಸಿದಲ್ಲೆಲ್ಲ ಹುಡುಕಿದರು. ಸಂತೆಯಲ್ಲಿ ನೋಡಿದೆವೆಂದು ಒಬ್ಬರು, ಸಂತೆಗೆ ಬರಲೇ ಇಲ್ಲವೆಂದು ಒಬ್ಬರು. ಸನ್ಯಾಸಿಯಾದರಂತೆ, ಇನ್ನೆಲ್ಲೋ ಸಂಸಾರ ಹೂಡಿದರಂತೆ, ದುಡ್ಡಿನ ಆಸೆಗೆ ಯಾರೋ ಕೊಂದರಂತೆ. ಒಬ್ಬೊಬ್ಬರದು ಒಂದೊಂದು ಮಾತು. ಮನುಷ್ಯ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಯಾರೂ ಕರ್ಮ ಮಾಡಲಿಲ್ಲ. ಅಜ್ಜಿ ಹಣೆಯ ಕುಂಕುಮ ತೆಗೆಯಲಿಲ್ಲ. ಅಕ್ಕನ ಮದುವೆಯ ಪತ್ರಿಕೆ ಭಾವನ ದೊಡ್ಡಪ್ಪನ ಹೆಸರಿನಲ್ಲಿ ಅಚ್ಚಾಗಿದ್ದರಿಂದ ಆಗ ಈ ಪ್ರಶ್ನೆಯೇ ಎದ್ದಿರಲಿಲ್ಲ. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ನಮ್ಮ ಭಾವನನ್ನು ಇಷ್ಟು ವರ್ಷ ಗೇಲಿ ಮಾಡಿಕೊಂಡು ಬಂದ ನನಗೂ ಆ ಒಂದು ವಿಷಯದಲ್ಲಿ ಗೇಲಿ ಇರಲಿ, ಮಾತೂ ಬರುತ್ತಿರಲಿಲ್ಲ.

ಹೆಸರೇ ಬೇಡ, ಬಿಟ್ಟುಬಿಡೋಣ ಎಂದು ನಾನು ಸೂಚಿಸಿದೆ. ಅಜ್ಜಿ ಒಪ್ಪಲಿಲ್ಲ. ಅವರು ಗಂಡನನ್ನು 'ಆಯನ' ಎಂದೇ ಹೇಳುವುದು. "ಮೊಮ್ಮಗಳ ಪತ್ರಿಕೇಲಿ ಆಯನ ಹೆಸರು ಇಲ್ದಂಗೆ ಹೆಂಗಪ್ಪಾ? ಇರ್ಬೇಕು" ಎಂದರು, ಅಷ್ಟೆ. ಶ್ರೀ ಎಂದು ಹಾಕಿದರೆ ಧಾರೆಯ ಹೊತ್ತಿಗೆ ನೂರು ಜನ "ತಾತ ಎಲ್ಲಿ?" ಎನ್ನುತ್ತಾರೆ. ದಿವಂಗತ ಎಂದು ಹಾಕಿದರೆ ಎದುರಿಗೇ ಕುಂಕುಮ ಇಟ್ಟುಕೊಂಡು ಕೂತಿರುವ ಆ ಹೆಂಗಸಿಗೆ ಏನು ಹೇಳುವುದು?

"ಊಟಕ್ಕೆ ಕೂತ್ರೆ ಎಲೆ ಪಕ್ಕ ನೆಲದ ಮೇಲೆ ಬೆರಳಲ್ಲಿ ಬರೀತಾ ಕೂರ್ತಾರೆ ಕಣೋ" ಎಂದಳು ಅಕ್ಕ. "ಅನ್ನ ಆರಿ ತಣ್ಣಗಾಗತ್ತೆ. ನಂಗೆ ನೋಡಕ್ಕಾಗಲ್ಲ. ಏನಾದ್ರೂ ಮಾಡೋ."

ಏನಾದರೂ ಮಾಡು ಎಂದು ನನಗೆ ಹೇಳಿದವರಿದ್ದಾರೆಯೇ! ಸೆಂಟರಿನ ಎರಡನೇ ಕಂಪ್ಯೂಟರನ್ನು ಇವತ್ತಿನವರೆಗೆ ರಿಪೇರಿ ಮಾಡಿಸದವನು ನಾನು. ಆದರೂ ಪತ್ರಿಕೆ ಅಚ್ಚು ಹಾಕಿಸುವ ಕೆಲಸ ವಹಿಸಿಕೊಂಡು ಚಿಕ್ಕಬಳ್ಳಾಪುರದ ಪ್ರೆಸ್ಸಿಗೆ ಹೊರಟೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತವನಿಗೆ ಆ ಸಾಲು ತಾನಾಗಿ ಹೊಳೆಯಿತು. ಪ್ರೆಸ್ಸಿನಲ್ಲಿ ಕೂತು ಬರೆದೆ:

"ದಿವಂಗತ ನಾರಾಯಣಪ್ಪ, ಮುನಿಶಾಮಪ್ಪನವರ ಮೊಮ್ಮಗಳು."

ಮೊದಲು ನಮ್ಮಪ್ಪ. ಅವರ ಮುಂಚೆ ದಿವಂಗತ. ನಡುವೆ ಕಾಮಾ. ಆಚೆಗೆ ಭಾವನ ತಂದೆ, ಬರೀ ಹೆಸರು. ದಿವಂಗತ ಇಬ್ಬರಿಗೂ ಸೇರಿದ್ದು ಎಂದು ಓದುವವರು ಹಾಗೆ ಓದಿಕೊಳ್ಳಲಿ. ಪಕ್ಕದವರಿಗೆ ಮಾತ್ರ ಎನ್ನುವವರು ಹಾಗೆ ಓದಿಕೊಳ್ಳಲಿ! ಸಿ ಭಾಷೆಯಲ್ಲಿ ನಾನು ಬರೆದ ಯಾವ ಸಾಲೂ ಮೊದಲ ಸಲಕ್ಕೆ ಸರಿಯಾಗಿ ನಡೆದದ್ದಿಲ್ಲ. ಕನ್ನಡದಲ್ಲಿ ಈ ಒಂದು ನಡೆಯಲಿ ದೇವರೇ ಎಂದುಕೊಂಡು ಕರಡು ಅಚ್ಚು ಹಿಡಿದು ಗೌರಿಬಿದನೂರಿಗೆ ಹೋದೆ.

ಭಾವ ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಬೆರಳು ತಂದೆಯ ಹೆಸರಿನ ಮೇಲೆ ನಿಂತಿತು, ಎಡಕ್ಕೆ ಸರಿಯಿತು, ಕಾಮಾದ ಹತ್ತಿರ ತಡೆಯಿತು. ನಾನು ಬೈಗುಳಕ್ಕೆ ಸಿದ್ಧನಾಗಿ ಬಾಗಿಲ ಹತ್ತಿರವೇ ನಿಂತಿದ್ದೆ.

"ಇಲ್ಲಿ ದಿವಂಗತ ಯಾವ ಜಾತಿಯಯ್ಯ? ಕಾನ್‌ಸ್ಟಾ, ಫಾರಾ?"

"ಅದು... ಓದೋರಿಗೆ ಬಿಟ್ಟಿದ್ದು ಭಾವ."

"ಹಾಗೆಲ್ಲ ಬಿಡಕ್ಕೆ ಬರಲ್ಲ ಕಣಯ್ಯ. ಓದೋನು ಯಾವುದಾದ್ರೂ ಒಂದು ತೀರ್ಮಾನ ಮಾಡ್ಲೇಬೇಕು."

"ಮಾಡ್ಕೊಳ್ಳಲಿ ಭಾವ. ಅವರವರ ತೀರ್ಮಾನ ಅವರವರಿಗೆ."

ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಕರಡನ್ನು ನನ್ನ ಕೈಗೆ ವಾಪಸು ಕೊಟ್ಟು, "ಅಚ್ಚು ಹಾಕ್ಸು" ಎಂದರು.

ಪತ್ರಿಕೆಗಳ ಕಟ್ಟು ಬಂದ ಮೇಲೆ ಮೊದಲು ಚಿಂತಾಮಣಿಗೆ ಒಯ್ದೆ. ಹುಡುಗನ ಸೋದರಮಾವ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. "ತಾಯಿ ಕಡೆಯೋರ ಹೆಸರು ಮೊದ್ಲು ಹಾಕ್ಸಿದ್ದೀರಲ್ಲಾ, ಇದ್ಯಾವ ಕ್ರಮ?"

"ಅಕಾರಾದಿ ಸಾರ್" ಎಂದೆ. "ನ ಆದ್ಮೇಲೆ ತಾನೇ ಮ ಬರೋದು?"

ತಾಲ್ಲೂಕು ಕಚೇರಿಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಖುಷಿಯಾದರು. "ಅಂತೂ ತಾತಂದಿರಿಬ್ರಿಗೂ ದಿವಂಗತ ಹಾಕ್ಸಿದ್ರಲ್ಲ, ಸರಿಹೋಯ್ತು ಬಿಡಿ" ಎಂದು ಪತ್ರಿಕೆಗೆ ಅರಿಶಿನ ಹಚ್ಚಲು ಒಳಗೆ ಕಳಿಸಿದರು. ನಾನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಸುಟ್ಟುಕೊಂಡು ಬಸ್ಸು ಹತ್ತಿದೆ.

ಗೌರಿಬಿದನೂರಿಗೆ ಬಂದಾಗ ಸಂಜೆಯ ಬಿಸಿಲು ಜಗಲಿಯ ಮೇಲಿತ್ತು. ಅಜ್ಜಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕನೂ ಜೊತೆಗೆ ಕೂತಿದ್ದಳು. ಅಜ್ಜಿಗೆ ಓದು ಬರದು. ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಮಗನ ಕೈಗೆ ಕೊಟ್ಟು, "ಓದು ನಾಯನಾ, ಕೇಳ್ತೀನಿ" ಎಂದರು.

ಭಾವ ಅವರ ಎದುರು ನೆಲದ ಮೇಲೆ ಕೂತರು. ಹುಡುಗನ ಹೆಸರು, ಹುಡುಗಿಯ ಹೆಸರು, ಮುಹೂರ್ತ ಓದಿದರು. ಆ ಸಾಲಿಗೆ ಬಂದರು. ಕಣ್ಣಲ್ಲಿ ಓದುವಾಗ ಹೇಗೋ ದಾಟಿಬಿಡಬಹುದು. ಬಾಯಲ್ಲಿ ಓದುವವನು ಎಲ್ಲಿ ನಿಲ್ಲಬೇಕು, ಎಲ್ಲಿ ಸೇರಿಸಬೇಕು ಎಂದು ಗೊತ್ತುಮಾಡಿಕೊಳ್ಳಲೇಬೇಕಲ್ಲ! ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ದಿವಂಗತ ನಾರಾಯಣಪ್ಪ" ಎಂದು ಓದಿ ಭಾವ ನಿಲ್ಲಿಸಿದರು. ಪಕ್ಕದಲ್ಲಿದ್ದ ಚೊಂಬು ಎತ್ತಿ ನೀರು ಕುಡಿದರು. ಚೊಂಬು ಕೆಳಗಿಟ್ಟರು.

"ಶ್ರೀ ಮುನಿಶಾಮಪ್ಪನವರ ಮೊಮ್ಮಗಳು" ಎಂದರು.

ನಾನು ಬಗ್ಗಿ ಪತ್ರಿಕೆ ನೋಡಿದೆ. ಅಚ್ಚಿನಲ್ಲಿ ಶ್ರೀ ಇರಲಿಲ್ಲ.

ಅಜ್ಜಿಯ ಕೈ ಮೊರದೊಳಗೇ ನಿಂತಿತ್ತು. ಗಂಡನ ಹೆಸರನ್ನು ಅವರು ಎಂದೂ ಬಾಯಲ್ಲಿ ಹೇಳಿದವರಲ್ಲ. ಆ ಮನೆಯಲ್ಲಿ ಬೇರೆಯವರೂ ಅದನ್ನು ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಆ ಕಡೇದು ಇನ್ನೊಂದ್ಸಲ ಓದು ನಾಯನಾ."

ಭಾವ ಓದಿದರು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಎದ್ದುಹೋದಳು. ಅಜ್ಜಿ ಆಮೇಲೆ ಕೇಳಲಿಲ್ಲ. ಮೊರದ ಕಾಳುಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸುತ್ತಾ ಕೂತರು. ಆದರೂ ಭಾವ ತಾವಾಗಿಯೇ ಮತ್ತೊಮ್ಮೆ ಓದಿದರು, ಶ್ರೀ ಸಮೇತ.